ಲ್ಯಾಬ್ ರಿಪೋರ್ಟಿನಲ್ಲಿ ಗೆದ್ದ ಮಾತ್ರೆ ಯಾವುದು?

ರಜೆಗೆಂದು ಡಿಯರ್‌ಬಾರ್ನ್‌ನಿಂದ ಊರಿಗೆ ಹೋಗಿಬರುವ ನಮ್ಮ ಕುಟುಂಬಗಳಿಗೆ ಟೈಫಾಯ್ಡ್ ಅಪರಿಚಿತ ಹೆಸರೇನಲ್ಲ. ಆದರೆ ಈ ಜ್ವರವನ್ನು ಮಣಿಸಿದ ಮೊದಲ ಆ್ಯಂಟಿಬಯಾಟಿಕ್ ನಮ್ಮ ಪಕ್ಕದ ಡೆಟ್ರಾಯಿಟ್‌ನಿಂದಲೇ ಹೊರಬಂದದ್ದೆಂದು ಹಲವರಿಗೆ ತಿಳಿದಿರಲಿಕ್ಕಿಲ್ಲ. ನದಿಯ ದಡದಲ್ಲಿದ್ದ ಪಾರ್ಕ್-ಡೇವಿಸ್ ಕಂಪನಿಯು ವೆನೆಜುವೆಲಾದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ದೊರೆತ ಕ್ಲೋರಾಂಫೆನಿಕಾಲ್ ಔಷಧವನ್ನು 1949ರಲ್ಲಿ ಮಾರುಕಟ್ಟೆಗೆ ತಂದಿತು. ಅದೇ ವರ್ಷ ಅಲ್ಲಿನ ವಿಜ್ಞಾನಿ ಮಿಲ್ಡ್ರೆಡ್ ರೆಬ್‌ಸ್ಟಾಕ್ ಮತ್ತು ಸಂಗಡಿಗರು ಅದನ್ನು ಕೃತಕವಾಗಿಯೂ ತಯಾರಿಸಿದರು. ಬಾಯಿಂದ ನುಂಗಬಹುದಾದ ಈ ಔಷಧ ಎಷ್ಟೋ ಜೀವಗಳನ್ನು ಉಳಿಸಿತು. ಆದರೆ 1972ರ ಹೊತ್ತಿಗೆ ಕೇರಳದ ಕೋಝಿಕ್ಕೋಡ್‌ನಲ್ಲಿ ಅದಕ್ಕೆ ಬಗ್ಗದ ಟೈಫಾಯ್ಡ್ ಕಾಣಿಸಿಕೊಂಡಿತು. ಹೀಗಾಗಿ ಇಂದು ಯಾವ ಮಾತ್ರೆ ನಾಟುತ್ತದೆಂದು ಲ್ಯಾಬ್‌ನಲ್ಲಿ ಪರೀಕ್ಷಿಸಿಯೇ ತಿಳಿಯಬೇಕು.

ಪರೀಕ್ಷೆ ಹೇಗೆ?

ರೋಗಿಯ ರಕ್ತದಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ತಟ್ಟೆಯ ಮೇಲೆ ಹರಡಿ, ಬೇರೆಬೇರೆ ಔಷಧ ತುಂಬಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಮರುದಿನ ಬ್ಯಾಕ್ಟೀರಿಯಾ ಬೆಳೆಯದ ಜಾಗ ಬಿಲ್ಲೆಯ ಸುತ್ತ ಬಳೆಯಂತೆ ಕಾಣುತ್ತದೆ. ಇನ್ನೊಂದು ವಿಧಾನದಲ್ಲಿ ಬೆಳವಣಿಗೆಯನ್ನು ತಡೆಯಲು ಬೇಕಾದ ಅತಿ ಕಡಿಮೆ ಪ್ರಮಾಣವನ್ನು ಅಳೆಯುತ್ತಾರೆ. ಇದನ್ನು ಎಂ.ಐ.ಸಿ. ಎನ್ನುತ್ತಾರೆ.

ಸಂಖ್ಯೆ ನೋಡಿ ಮೋಸಹೋಗದಿರೋಣ

ಬಳೆ ದೊಡ್ಡದಿದ್ದರೆ, ಎಂ.ಐ.ಸಿ. ಚಿಕ್ಕದಿದ್ದರೆ ಆ ಔಷಧವೇ ಮೇಲು ಎಂದು ನಮಗನ್ನಿಸುವುದು ಸಹಜ. ಒಂದು ರಿಪೋರ್ಟಿನಲ್ಲಿ ಮಿಲಿಲೀಟರಿಗೆ ಸಿಪ್ರೊಫ್ಲಾಕ್ಸಾಸಿನ್ 1 ಮೈಕ್ರೋಗ್ರಾಂ, ಅಜಿತ್ರೋಮೈಸಿನ್ 8 ಮೈಕ್ರೋಗ್ರಾಂ ಎಂದಿದೆ ಎನ್ನೋಣ. ಅಮೆರಿಕದ ಮಾನದಂಡದಂತೆ ಸೋತದ್ದು 1, ಗೆದ್ದದ್ದು 8! ಟೈಫಾಯ್ಡ್‌ಗೆ ಸಿಪ್ರೊಫ್ಲಾಕ್ಸಾಸಿನ್‌ನ ಸಂಖ್ಯೆ 0.06 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಅಜಿತ್ರೋಮೈಸಿನ್‌ಗೆ 16ರವರೆಗೂ ಸರಿ. ಟೈಫಾಯ್ಡ್ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳ ಒಳಗೆ ಅಡಗುತ್ತದೆ. ಅಜಿತ್ರೋಮೈಸಿನ್ ಅಲ್ಲಿಯೇ ಹೆಚ್ಚಾಗಿ ಶೇಖರವಾಗುತ್ತದೆ. ಪ್ರತಿ ಔಷಧಕ್ಕೂ ಅದರದೇ ಅಳತೆಗೋಲು. ಒಂದರ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸುವುದು ಅಕ್ಕಿಯ ಸೇರಿನಿಂದ ಬಟ್ಟೆ ಅಳೆದಂತೆ.

ಇದರ ವಿರುದ್ಧವೂ ಉಂಟು. ಸೆಫಲೆಕ್ಸಿನ್‌ನಂಥ ಹಳೆಯ ಸೆಫಲೋಸ್ಪೋರಿನ್ ಮಾತ್ರೆಗಳು ತಟ್ಟೆಯ ಮೇಲೆ ಟೈಫಾಯ್ಡ್ ಬ್ಯಾಕ್ಟೀರಿಯಾವನ್ನು ತಡೆದಂತೆ ಕಂಡರೂ ರೋಗಿಯಲ್ಲಿ ಫಲಿಸುವುದಿಲ್ಲ. ನೈಟ್ರೋಫ್ಯುರಾಂಟೊಯಿನ್ ಮೂತ್ರದಲ್ಲಿ ಸಾಕಷ್ಟು ಸೇರುತ್ತದೆ, ರಕ್ತದಲ್ಲಿ ಸೇರುವುದಿಲ್ಲ. ಆದ್ದರಿಂದ ಅದು ಮೂತ್ರಕೋಶದ ಸೋಂಕಿಗೆ ಸರಿ, ಟೈಫಾಯ್ಡ್‌ಗೆ ಅಲ್ಲ.

ನಾವು ಮಾಡಬೇಕಾದ್ದು

ಊರಿಗೆ ಹೊರಡುವ ಕನಿಷ್ಠ ಎರಡು ವಾರ ಮೊದಲು ಟೈಫಾಯ್ಡ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳೋಣ. ಲಸಿಕೆ ಪೂರ್ಣ ರಕ್ಷಣೆ ಕೊಡದು. ಕುದಿಸಿದ ನೀರು, ಬಿಸಿ ಊಟ ಬೇಕೇ ಬೇಕು. ಮರಳಿದ ಮೇಲೆ ಜ್ವರ ಬಂದರೆ ಊರಿನ ಮೆಡಿಕಲ್ ಶಾಪಿನಿಂದ ತಂದಿಟ್ಟ ಮಾತ್ರೆ ನುಂಗುವುದು ಬೇಡ. ಹಾಗೆ ನುಂಗಿದರೆ ರಕ್ತಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು, ಸರಿಯಾದ ಔಷಧ ಯಾವುದೆಂದು ತಿಳಿಯದೆ ಉಳಿಯಬಹುದು. ಎಲ್ಲಿಗೆ ಹೋಗಿದ್ದೆವೆಂದು ವೈದ್ಯರಿಗೆ ಮೊದಲೇ ಹೇಳೋಣ. ರಿಪೋರ್ಟನ್ನು ಓದೋಣ, ಪ್ರಶ್ನೆ ಕೇಳೋಣ. ಆಯ್ಕೆಯನ್ನು ಮಾತ್ರ ಅವರಿಗೇ ಬಿಡೋಣ.