ಸಂಗಮದ ದಡದಲ್ಲಿ ಹರಿಗೋಲು, ಮುದ್ದೆ, ಮೀನು

ಕನಕಪುರ ಬಿಟ್ಟು ದೊಡ್ಡಾಲಹಳ್ಳಿ ದಾಟಿದ ಮೇಲೆ ಹಿಪ್ಪುನೇರಳೆ ತೋಟ, ರಾಗಿ ಹೊಲಗಳೆಲ್ಲ ಹಿಂದಾಗಿ, ರಸ್ತೆ ಕುರುಚಲು ಕಾಡಿನೊಳಗೆ ಸುತ್ತಿ ಸುತ್ತಿ ಇಳಿಯತೊಡಗುತ್ತದೆ. ಕಿಟಕಿಯಿಂದ ನುಗ್ಗುವ ಗಾಳಿಗೆ ಬಿಸಿಯೇರುತ್ತದೆ. ಹೊಳೆ ಕಣ್ಣಿಗೆ ಬೀಳುವ ಮೊದಲೇ ಕಾದೆಣ್ಣೆ, ಬೆಳ್ಳುಳ್ಳಿ, ಖಾರ ಹಚ್ಚಿದ ಮೀನಿನ ವಾಸನೆ ಮೂಗಿಗೆ ಬಡಿಯಿತೆಂದರೆ ಸಂಗಮ ಬಂತೆಂದೇ ತಿಳಿಯಿರಿ.

ದಡದ ಮರಳಿನ ಮೇಲೆ ಹರಿಗೋಲುಗಳು ಬೋರಲು ಬಿದ್ದಿವೆ. ಹೆಣಿಗೆ ಇಂದಿಗೂ ಬಿದಿರಿನದೇ. ಹಿಂದೆ ಚರ್ಮ ಹೊದಿಸುತ್ತಿದ್ದ ತಳಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಾರು. ಅಂಬಿಗ ಅದನ್ನು ಒಂದೇ ಏಟಿಗೆ ಮಗುಚಿ ನೀರಿಗೆ ತಳ್ಳುತ್ತಾನೆ. "ಮದ್ಯಕ್ಕೆ ಕುಂತ್ಕಳಿ ಅಕ್ಕಾ, ಎದ್ದೇಳ್ಬ್ಯಾಡಿ." ಹುಟ್ಟು ನೀರಿಗೆ ಬಿದ್ದದ್ದೇ ತಡ ಬೆಟ್ಟ, ಆಕಾಶ, ದಡದ ಹೊಳೆಮತ್ತಿ ಮರಗಳೆಲ್ಲ ನಿಧಾನಕ್ಕೆ ಸುತ್ತುತ್ತವೆ.

ನೀರನ್ನೂ ಸ್ವಲ್ಪ ಹೊತ್ತು ನೋಡಬೇಕು. ನಂದಿಬೆಟ್ಟದಲ್ಲಿ ಹುಟ್ಟಿ ಮಂಚನಬೆಲೆ, ರಾಮನಗರ, ಕನಕಪುರಗಳನ್ನು ಹಾದು, ಸುಮಾರು 190 ಕಿಲೋಮೀಟರ್ ನಡೆದು ಬಂದ ಅರ್ಕಾವತಿ ಇಲ್ಲಿ ಕಾವೇರಿಯನ್ನು ಸೇರುತ್ತಾಳೆ. ಬರುವ ದಾರಿಯಲ್ಲಿ ವೃಷಭಾವತಿ ಹೊತ್ತು ತಂದ ರಾಜಧಾನಿಯ ಕೊಳಕನ್ನೂ ಅವಳೇ ಮಡಿಲಿಗೆ ಹಾಕಿಕೊಂಡಿರುತ್ತಾಳೆ. ಹೀಗೆ ಬೆಂಗಳೂರು ಈ ದಡಕ್ಕೆ ಎರಡು ದಾರಿಯಲ್ಲಿ ಬರುತ್ತದೆ: ರಸ್ತೆಯಲ್ಲಿ ಭಾನುವಾರ, ಹೊಳೆಯಲ್ಲಿ ದಿನವೂ.

ಆಚೆ ದಡದಲ್ಲಿ ಮೈಯೆಲ್ಲ ಗಡಗಡಿಸುವ ಹಳೆಯ ಬಸ್ಸು ಕಾದಿರುತ್ತದೆ. ಸುಮಾರು ನಾಲ್ಕು ಕಿಲೋಮೀಟರ್ ಕುಲುಕಿಸಿ ಮೇಕೆದಾಟಿನಲ್ಲಿ ಇಳಿಸುತ್ತದೆ. ಅಷ್ಟಗಲದ ಕಾವೇರಿ ಇಲ್ಲಿ ಬಂಡೆಗಳ ನಡುವಿನ ಬಿರುಕಿಗೆ ನುಗ್ಗಿ ಗುಡುಗುತ್ತಾಳೆ. ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆಯೊಂದು ಹಾರಿ ದಾಟಿತಂತೆ. ಸುಳಿನೀರು ಕೊರೆದ ಗುಂಡಿಗಳು ಬಂಡೆಯ ತುಂಬ. ಕಾಲು ಜಾರಿ ಸತ್ತವರು ಕಡಿಮೆಯಲ್ಲ; ಆದರೂ ಹುಡುಗರು ಎಚ್ಚರಿಕೆಯ ಫಲಕಕ್ಕೇ ಒರಗಿ ಸೆಲ್ಫಿ ತೆಗೆಯುತ್ತಾರೆ.

ಹಸಿವು ಮತ್ತೆ ಸಂಗಮಕ್ಕೇ ಎಳೆಯುತ್ತದೆ. ಅಂಗಡಿಯ ಕಾವಲಿಯ ಮೇಲೆ ಕಟ್ಲಾ, ಜಿಲೇಬಿ ಮೀನುಗಳು ಅಚ್ಚಖಾರ ಮೆತ್ತಿಕೊಂಡು ಚುರುಗುಟ್ಟುತ್ತಿವೆ. ಈ ಹೊಳೆಯ ದೊರೆಯೆನ್ನಬೇಕಾದ ಮಹಶೀರ್, ಇಲ್ಲಿಯವರ ಬಿಳಿಮೀನು, ಮಾತ್ರ ಈ ಸಾಲಿನಲ್ಲಿ ಇರಬಾರದು. ಸುತ್ತಲಿನದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮ. ಬೆನ್ನು ಗೂನಾದ ಆ ಮೀನು ಈಗ ಅಳಿವಿನಂಚಿನಲ್ಲಿದೆ. ಪಕ್ಕದ ಒಲೆಯ ಮುಂದೆ ಒಬ್ಬಾಕೆ ಪಾತ್ರೆಯನ್ನು ಕಾಲಲ್ಲಿ ಒತ್ತಿಹಿಡಿದು ಕೋಲಿನಿಂದ ಮುದ್ದೆ ತಿರುವುತ್ತಾಳೆ. ಹಿಟ್ಟು ಗಂಟಾಗದಂತೆ ತೋಳು ಬೀಸುವ ಆ ರಟ್ಟೆಯ ಬಲ ಕಂಡರೆ ಹುಟ್ಟು ಹಾಕುವವನೂ ನಾಚಬೇಕು. ಒದ್ದೆ ಕೈಯಲ್ಲಿ ಉರುಳಿಸಿದ ಬಿಸಿ ಮುದ್ದೆ, ನಾಟಿಕೋಳಿ ಸಾರು, ಕಚ್ಚಲು ಈರುಳ್ಳಿ. ನಗರದ ಮಕ್ಕಳು ಮುದ್ದೆ ಅಗಿಯಲು ಹೊರಟರೆ ಆಕೆಗೆ ನಗು ತಡೆಯದು: "ನುಂಗು ಮಗ, ನುಂಗು."

ಊಟವಾದವರ ಮಾತು ಅಣೆಕಟ್ಟಿನ ಕಡೆ ಹೊರಳುತ್ತದೆ. ಮೇಕೆದಾಟು ಯೋಜನೆ ಕೈಗೂಡಿದರೆ 67 ಟಿಎಂಸಿಗೂ ಮಿಕ್ಕಿ ನೀರು ನಿಲ್ಲುತ್ತದೆ, ಸುಮಾರು 5,000 ಹೆಕ್ಟೇರ್ ಮುಳುಗುತ್ತದೆ. ಅದರಲ್ಲಿ ಬಹುಪಾಲು ಕಾಡು. ಕುಡಿಯುವ ನೀರು ಹೋಗಬೇಕಾದದ್ದು ಮತ್ತದೇ ಬೆಂಗಳೂರಿಗೆ.

"ಮುಳುಗೋದ್ರೆ ನಮ್ ಗತಿ?" ಎಂದು ಒಬ್ಬ ಅಂಬಿಗ ಬೀಡಿ ಹಚ್ಚುತ್ತಾನೆ.

"ಅಷ್ಟ್ ನೀರಾದ್ರೆ ದೊಡ್ ಬೋಟೇ ಬತ್ತದೆ ಬುಡು," ಎನ್ನುತ್ತ ಇನ್ನೊಬ್ಬ ಆಗಷ್ಟೇ ಕಾರಿನಿಂದಿಳಿದವರತ್ತ ಕೈಬೀಸಿದ: "ಬನ್ನಿ ಸಾರ್, ಇನ್ನಿಬ್ರು ಹಿಡಿತಾರೆ!"