ಹದಿನೇಳು ವರ್ಷ ಕಾದ ಕಾಯಿಲೆ

1954ರ ವಿಯೆನ್ನಾ. ಮಕ್ಕಳ ವೈದ್ಯ ಆಂಡ್ರಿಯಾಸ್ ರೆಟ್ ಅವರನ್ನು ಕಾಣಲು ಇಬ್ಬರು ತಾಯಂದಿರು ಹೆಣ್ಣುಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಕಾಯುತ್ತಿದ್ದರು. ಆ ಎರಡೂ ಮಕ್ಕಳು ಕೈ ತೊಳೆಯುವವರಂತೆ ಅಂಗೈ ಉಜ್ಜುತ್ತಲೇ ಇದ್ದವು. ಬೇರೆ ಬೇರೆ ದಿನ ಬಂದಿದ್ದರೆ ಈ ಹೋಲಿಕೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ. ರೆಟ್ ಹಳೆಯ ಕಡತ ತೆಗೆಸಿದರು. ಅಂಥ ಇನ್ನೂ ಆರು ಹುಡುಗಿಯರು ಸಿಕ್ಕರು. ಎಲ್ಲರದೂ ಒಂದೇ ಕಥೆ: ಚೆನ್ನಾಗಿಯೇ ಬೆಳೆಯುತ್ತಿದ್ದ ಕೂಸು, ಒಂದು ಒಂದೂವರೆ ವರ್ಷದ ಹೊತ್ತಿಗೆ ಕಲಿತ ಮಾತನ್ನೂ ಕೈಯ ಹಿಡಿತವನ್ನೂ ಕಳೆದುಕೊಳ್ಳತೊಡಗುತ್ತದೆ.

1966ರಲ್ಲಿ ರೆಟ್ ಜರ್ಮನ್ ಭಾಷೆಯಲ್ಲಿ ಪ್ರಬಂಧ ಪ್ರಕಟಿಸಿದರು. ಹೊರಗಿನವರು ಓದಿದ್ದು ಕಡಿಮೆ. ಮೇಲಾಗಿ, ರಕ್ತದಲ್ಲಿ ಅಮೋನಿಯಾ ಹೆಚ್ಚಿರುವುದೇ ಈ ಕಾಯಿಲೆಯ ಗುರುತು ಎಂದು ಅದರಲ್ಲಿತ್ತು, ಅದು ನಿಲ್ಲಲಿಲ್ಲ. ಅತ್ತ ಸ್ವೀಡನ್ನಿನಲ್ಲಿ ವೈದ್ಯ ಬೆಂಗ್ಟ್ ಹ್ಯಾಗ್‌ಬರ್ಗ್ 1960ರಿಂದಲೇ ಇಂಥ ಹುಡುಗಿಯರನ್ನು ನೋಡುತ್ತಿದ್ದರು. ಅವರೂ ಸಂಗಡಿಗರೂ 35 ಹುಡುಗಿಯರ ವಿವರವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿ, ಕಾಯಿಲೆಗೆ ರೆಟ್ ಹೆಸರನ್ನೇ ಇಟ್ಟಾಗ 1983. ನಡುವಿನ ಹದಿನೇಳು ವರ್ಷ ನೆನೆದರೆ ನನಗೆ ಸಿಟ್ಟು ಬರುತ್ತದೆ. ಕಂಡವರಿದ್ದರು, ಬರೆದವರಿದ್ದರು, ಆದರೂ ಎಷ್ಟೋ ತಾಯಂದಿರಿಗೆ ಮಗುವಿಗೆ ಏನಾಗಿದೆ ಎಂದು ಹೇಳುವವರೇ ಇರಲಿಲ್ಲ.

ಕಾರಣದ ಎಳೆ ಸಿಕ್ಕಿದ್ದು ಇನ್ನೊಂದು ದಿಕ್ಕಿನಿಂದ. ಡಿಎನ್‌ಎ ಮೇಲೆ ಮೀಥೈಲ್ ಗುರುತು ಇರುವ ಕಡೆ ಅಂಟಿಕೊಂಡು, ಬೇರೆ ಜೀನ್‌ಗಳು ಎಷ್ಟು ಕೆಲಸ ಮಾಡಬೇಕೆಂದು ಹದ್ದುಬಸ್ತಿನಲ್ಲಿಡುವ ಎಂಇಸಿಪಿ2 ಎಂಬ ಪ್ರೋಟೀನನ್ನು ವಿಜ್ಞಾನಿ ಏಡ್ರಿಯನ್ ಬರ್ಡ್ ಅವರ ತಂಡ 1992ರಲ್ಲಿ ಗುರುತಿಸಿತ್ತು. ಈ ಕಾಯಿಲೆಯ ಯೋಚನೆಯೇ ಅಲ್ಲಿರಲಿಲ್ಲ. 1999ರಲ್ಲಿ ಹ್ಯೂಸ್ಟನ್ನಿನ ಹುದಾ ಜೋಗ್ಬಿ ಮತ್ತು ರೂತಿ ಅಮೀರ್, ಈ ಹುಡುಗಿಯರಲ್ಲಿ ಕೆಟ್ಟಿರುವುದು ಎಕ್ಸ್ ವರ್ಣತಂತುವಿನಲ್ಲಿರುವ, ಅದೇ ಪ್ರೋಟೀನನ್ನು ತಯಾರಿಸುವ ಜೀನ್ ಎಂದು ತೋರಿಸಿದರು. ಬಹುಪಾಲು ಇದು ತಂದೆತಾಯಿಯಿಂದ ಬಂದದ್ದಲ್ಲ, ಹೊಸದಾಗಿ ಆದ ಬದಲಾವಣೆ. ರೆಟ್ 1997ರಲ್ಲೇ ತೀರಿಕೊಂಡಿದ್ದರು.

2007ರಲ್ಲಿ ಬರ್ಡ್ ತಂಡ ಕಾಯಿಲೆಬಿದ್ದ ಇಲಿಗಳಲ್ಲಿ ಈ ಜೀನನ್ನು ಮತ್ತೆ ಚಾಲೂ ಮಾಡಿತು. ಬೆಳೆದ ಇಲಿಗಳೂ ಚೇತರಿಸಿಕೊಂಡವು. ಅಂದರೆ ನರಕೋಶಗಳು ಸತ್ತಿರಲಿಲ್ಲ. 2023ರಲ್ಲಿ ಅಮೆರಿಕ ಒಪ್ಪಿದ ಟ್ರೋಫಿನೆಟೈಡ್ ಎಂಬ ಔಷಧಿ ಕೆಲವು ಲಕ್ಷಣಗಳನ್ನಷ್ಟೇ ತಗ್ಗಿಸುತ್ತದೆ, ಜೀನನ್ನು ಮುಟ್ಟುವುದಿಲ್ಲ. ಹಾಗಾದರೆ ಒಳ್ಳೆಯ ಪ್ರತಿಯನ್ನೇ ಮಿದುಳಿಗೆ ಸೇರಿಸಬಾರದೇಕೆ? ಈ ಪ್ರೋಟೀನು ಸಾರಿನ ಉಪ್ಪಿನಂತೆ, ಹೆಚ್ಚಾದರೂ ಕೆಡುತ್ತದೆ. ಈ ಜೀನ್ ಎರಡೆರಡಿರುವ ಗಂಡುಮಕ್ಕಳಿಗೆ ಬೇರೆಯದೇ ತೀವ್ರ ಕಾಯಿಲೆ ಬರುವುದು 2005ರಲ್ಲೇ ತಿಳಿದಿತ್ತು. ರೆಟ್ ಕಾಯಿಲೆಯ ಹುಡುಗಿಯ ಮಿದುಳಿನಲ್ಲಿ ಸುಮಾರು ಅರ್ಧ ಕೋಶಗಳು ಸರಿಯಾಗಿಯೇ ಇರುತ್ತವೆ, ಅವಕ್ಕೆ ಹೆಚ್ಚುವರಿ ಪ್ರತಿ ಹಾನಿ ಮಾಡಬಹುದು. ಆದ್ದರಿಂದ ಈಗ ರೋಗಿಗಳಲ್ಲಿ ಪರೀಕ್ಷೆಯಾಗುತ್ತಿರುವ ಜೀನ್ ಚಿಕಿತ್ಸೆಗಳಲ್ಲಿ, ಪ್ರೋಟೀನು ಮಿತಿಮೀರದಂತೆ ತಡೆಯುವ ಏರ್ಪಾಡನ್ನೂ ಒಳಗೇ ಸೇರಿಸಲಾಗಿದೆ.