ಚಪ್ಪಲಿ ಪಟ್ಟಿಯ ಅಡಿಯಲ್ಲೇ ತುರಿಕೆಯೇ?

ಹವಾಯಿ ಚಪ್ಪಲಿಯ ಪಟ್ಟಿ ಕೂರುವ ಜಾಗದಲ್ಲೇ ತುರಿಕೆ, ಕಪ್ಪು ಕಲೆ, ನೀರುಗುಳ್ಳೆ. ನಮ್ಮ ಮನೆಗಳಲ್ಲಿ ಇದಕ್ಕೆ ‘ಫಂಗಸ್’, ಇಲ್ಲವೇ ‘ಮೀನಿನ ನಂಜು’ ಅಂದುಬಿಡುತ್ತೇವೆ. ಮೆಡಿಕಲ್‌ನಿಂದ ಮುಲಾಮು ತಂದು ಹಚ್ಚುತ್ತೇವೆ. ಚಪ್ಪಲಿ ಮಾತ್ರ ಅದೇ.

ರಬ್ಬರನ್ನು ಹದಗೊಳಿಸಲು ಕಾರ್ಖಾನೆಯಲ್ಲಿ ಬೆರೆಸುವ ಥೈಯುರಾಮ್, ಕಾರ್ಬಮೇಟ್‌ನಂತಹ ರಾಸಾಯನಿಕಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ತುರಿಕೆ ಏಳುವುದು ಮುಟ್ಟಿದ ಕೂಡಲೇ ಅಲ್ಲ, ಒಂದೆರಡು ದಿನ ಬಿಟ್ಟು. ಹಾಗಾಗಿಯೇ ಕಾರಣ ತಿಳಿಯುವುದಿಲ್ಲ. ಬೆವರು, ಒದ್ದೆಯಿದ್ದರೆ ಇನ್ನೂ ಜಾಸ್ತಿ. ವುಝೂ ಮಾಡಿದ ಒದ್ದೆ ಕಾಲನ್ನು ಹಾಗೆಯೇ ರಬ್ಬರ್ ಚಪ್ಪಲಿಗೆ ತೂರಿಸುವವರು ಗಮನಿಸಬೇಕು.

ಬಟ್ಟೆಯ ಇಲಾಸ್ಟಿಕ್‌ನಲ್ಲೂ ಇದು ಇರುತ್ತದೆ. ಸೋಪಿಗೆ ಕೈ ಒಡೆಯುತ್ತದೆಂದು ಗ್ಲೌಸ್ ಹಾಕಿದ ಹೆಂಗಸರಿಗೆ ಆ ಗ್ಲೌಸೇ ಮುಳುವಾಗುವುದುಂಟು. ನೈಟ್ರೈಲ್ ಗ್ಲೌಸ್‌ನಲ್ಲೂ ಇದೇ ರಾಸಾಯನಿಕ ಇರಬಹುದು; ವಿನೈಲ್ ಗ್ಲೌಸ್ ವಾಸಿ.

ಖಚಿತಪಡಿಸಲು ಚರ್ಮರೋಗ ವೈದ್ಯರಲ್ಲಿ ಪ್ಯಾಚ್ ಟೆಸ್ಟ್ ಇದೆ. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಳಿಕ ತೆಗೆಯುತ್ತಾರೆ, ಒಂದೆರಡು ದಿನ ಕಳೆದು ಮತ್ತೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನು ಒದ್ದೆಯಾಗಬಾರದು, ವುಝೂಗೆ ಅಡ್ಡಿಯಿಲ್ಲ.

ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಹೋಗುವುದಿಲ್ಲ. ಮುಲಾಮು ತುರಿಕೆ ಇಳಿಸೀತು ಅಷ್ಟೇ. ರಬ್ಬರನ್ನು ದೂರವಿಡುವುದೇ ಮದ್ದು. ಚರ್ಮದ ಚಪ್ಪಲಿಯ ಅಂಟಿನಲ್ಲೂ ಈ ರಾಸಾಯನಿಕ ಇರಬಹುದು, ಕೇಳಿ ಕೊಳ್ಳೋಣ.

ಇನ್ನೊಂದು ಮಾತು. ಇದು ಅಂಟುರೋಗವಲ್ಲ. ಕೈ ಒಡೆದವರು ಮದುವೆ ಮನೆಯ ಹರಿವಾಣಕ್ಕೆ ಕೈಯಿಕ್ಕಲು ಹಿಂಜರಿಯುವಂತೆ ನಾವು ಮಾಡಬಾರದು.